ಆಪ್ಷನ್ ಎಂಟ್ರಿಗೂ ಮೊದಲು ಕಾಲೇಜಿನ ನಿಜಸ್ಥಿತಿ ತಿಳಿಯಲಿ



ಸಿಇಟಿ ರ‍್ಯಾಂಕ್ ಪ್ರಕಟವಾಯಿತೆಂದರೆ ನಮ್ಮಂಥ ತಾಲ್ಲೂಕು ಕೇಂದ್ರಗಳ ಸೈಬರ್ ಸೆಂಟರುಗಳಲ್ಲಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯಂತೆ ನಮೂದಿಸಲು, ಬಂದವರಿಂದಾಗಿ ನಿಲ್ಲಲು ಜಾಗವಿರುವುದಿಲ್ಲ. ‘ಈ ರ‍್ಯಾಂಕಿಗೆ ಹೋದ ವರ್ಷ ಈ ಕಾಲೇಜುಗಳು ಸಿಕ್ಕಿವೆ, ಹಾಕ್ಲಾ ಅಣ್ಣಾ?’ ಎಂದು ಕಂಪ್ಯೂಟರ್ ಮುಂದೆ ಕೂತ ಹುಡುಗ ಕೇಳುತ್ತಾನೆ. ‘ನಿಂಗೆ ಸರಿ ಕಂಡಿದ್ದು ಹಾಕಪ್ಪಾ’ ಎನ್ನುತ್ತಾರೆ ಹೊಲದ ಕೆಲಸ ಬಿಟ್ಟು ಬಂದ ತಂದೆ. ಮಗಳ ನಾಲ್ಕು ವರ್ಷದ ಎಂಜಿನಿಯರಿಂಗ್ ಓದು ಎಲ್ಲಿ ಎಂಬುದು ಅಲ್ಲಿಗೆ ತೀರ್ಮಾನವಾಗಿಬಿಡುತ್ತದೆ.

ಇದರಲ್ಲಿ ಪೋಷಕರ ತಪ್ಪಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅವರ ಮುಂದಿಡುವುದು ಮುಖ್ಯವಾಗಿ ಸೀಟುಗಳ ಸಂಖ್ಯೆ, ಶುಲ್ಕ ಮತ್ತು ಹಿಂದಿನ ಸಾಲಿನ ಕಟ್‌ಆಫ್. ಕಟ್‌ಆಫ್ ನೋಡಿದರೆ ಬೇಡಿಕೆ ಎಲ್ಲಿದೆ ಎಂದು ತಿಳಿಯುತ್ತದೆ, ಪಾಠ ಎಲ್ಲಿ ನಡೆಯುತ್ತದೆ ಎಂದು ತಿಳಿಯುವುದಿಲ್ಲ. ಉಳಿದದ್ದನ್ನೆಲ್ಲ ಜಾಹೀರಾತು ತುಂಬುತ್ತದೆ. ಒಬ್ಬನೇ ವಿದ್ಯಾರ್ಥಿಗೆ ಸಿಕ್ಕ ಗರಿಷ್ಠ ಪ್ಯಾಕೇಜನ್ನು ಫ್ಲೆಕ್ಸಿನ ತುಂಬ ಬರೆಸುತ್ತಾರೆ. ಆ ವರ್ಷ ಎಷ್ಟು ಮಂದಿ ಪಾಸಾದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುವಿನವರಿಗೆ ಎಷ್ಟು ಸಂಬಳ ಎಂಬ ಮಾತೇ ಇರುವುದಿಲ್ಲ.

ಮಾನ್ಯತೆಯ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. ನ್ಯಾಕ್ (ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ) ಶ್ರೇಣಿ ಇಡೀ ಸಂಸ್ಥೆಗೆ ಸಿಗುವಂಥದ್ದು. ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಒಂದೊಂದು ಕೋರ್ಸಿಗೂ ಪ್ರತ್ಯೇಕ, ಅದಕ್ಕೆ ಅವಧಿಯೂ ಇದೆ. ಮೆಕ್ಯಾನಿಕಲ್ ವಿಭಾಗಕ್ಕೆ ಬಂದ ಎನ್‌ಬಿಎ ಮಾನ್ಯತೆಯನ್ನು ಗೇಟಿನ ಮೇಲೆ ಬರೆಸಿ, ಮೊನ್ನೆ ಮೊನ್ನೆ ತೆರೆದ ಕೃತಕ ಬುದ್ಧಿಮತ್ತೆ ವಿಭಾಗಕ್ಕೆ ಮಕ್ಕಳನ್ನು ಸೇರಿಸಿಕೊಂಡರೆ ಪೋಷಕರಿಗೆ ಹೇಗೆ ಗೊತ್ತಾಗಬೇಕು? ಅಧ್ಯಾಪಕರ ವಿಷಯವೂ ಅಷ್ಟೇ. 2024–25ರಿಂದ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಉತ್ತಮ ಸಾಧನೆಯ ಸಂಸ್ಥೆಗಳಿಗೆ ಸೀಟಿನ ಮೇಲ್ಮಿತಿಯನ್ನೇ ತೆಗೆದಿದೆ. ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬುದು ಅದರದೇ ನಿಯಮ. ಹೆಚ್ಚಿದ ಕಂಪ್ಯೂಟರ್ ಸೈನ್ಸ್ ಸೀಟುಗಳಿಗೆ ತಕ್ಕಷ್ಟು ಅಧ್ಯಾಪಕರು ಬಂದಿದ್ದಾರೆಯೇ ಎಂಬುದು ಸೀಟು ಆರಿಸುವವರಿಗೆ ಮೊದಲು ತಿಳಿಯಬೇಕಾದ ಸಂಗತಿ.

ಶುಲ್ಕದ ಕಥೆಯೂ ಹೀಗೆಯೇ. ನನ್ನ ವಿದ್ಯಾರ್ಥಿನಿಯೊಬ್ಬಳು ಸಿಇಟಿ ಸೀಟಿನ ಆದೇಶ ಹಿಡಿದು ಖಾಸಗಿ ಕಾಲೇಜಿಗೆ ಪ್ರವೇಶಕ್ಕೆ ಹೋದರೆ, ‘ಸ್ಕಿಲ್ ಫೀ’ ಎಂದು ಸರ್ಕಾರಿ ಶುಲ್ಕದ ಹತ್ತಿರಹತ್ತಿರದ ಇನ್ನೊಂದು ಮೊತ್ತ ಕೇಳಿದರು. ರಸೀದಿ ಕೊಟ್ಟಿದ್ದು ಬೇರೆ ಟ್ರಸ್ಟಿನ ಹೆಸರಿನಲ್ಲಿ. ಅವಳು ಆ ಸೀಟನ್ನು ಒಪ್ಪಿಕೊಂಡಾಗಿತ್ತು, ಮನೆಯವರು ಸಾಲ ಮಾಡಿ ಕಟ್ಟಿದರು. ಈ ಮೊತ್ತ ಮೊದಲೇ ಗೊತ್ತಿದ್ದಿದ್ದರೆ ಅವಳು ಪಟ್ಟಿಯಲ್ಲಿ ಸರ್ಕಾರಿ ಕಾಲೇಜನ್ನೇ ಮೇಲಕ್ಕೆ ಹಾಕಿರುತ್ತಿದ್ದಳು.

ಬೇಕಾದ ಮಾಹಿತಿ ಸರ್ಕಾರದ ಕೈಗೆಟುಕದ್ದೇನೂ ಅಲ್ಲ. ಸಂಯೋಜನೆ ಕೊಡುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಬಳಿ ಕಾಲೇಜುಗಳ ಅಧ್ಯಾಪಕರ ವಿವರವಿದೆ, ಫಲಿತಾಂಶವಿದೆ. ಎಐಸಿಟಿಇ ಕಡ್ಡಾಯ ಮಾಡಿರುವ ಮಾಹಿತಿ ಪ್ರಕಟಣೆಯೂ ಇದೆ, ಆದರೆ ಕಾಲೇಜಿನ ಜಾಲತಾಣದ ಯಾವುದೋ ಮೂಲೆಯಲ್ಲಿ. ಇದನ್ನೆಲ್ಲ ಒಟ್ಟುಗೂಡಿಸಿ, ಆಪ್ಷನ್ ಎಂಟ್ರಿ ಪುಟದಲ್ಲಿ ಪ್ರತಿ ಕಾಲೇಜಿನ ಕೋಡ್ ಪಕ್ಕದಲ್ಲೇ ಕನ್ನಡದಲ್ಲಿ ತೋರಿಸಬೇಕು: ವಿಭಾಗವಾರು ಕಾಯಂ ಅಧ್ಯಾಪಕರು, ಎನ್‌ಬಿಎ ಮಾನ್ಯತೆ ಎಲ್ಲಿಯವರೆಗೆ, ಉತ್ತೀರ್ಣರಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಹಾಸ್ಟೆಲ್ ಸೇರಿ ಕಟ್ಟಬೇಕಾದ ಒಟ್ಟು ಹಣ. ವಿವರ ಕೊಡದ ಅಥವಾ ಸುಳ್ಳು ವಿವರ ಕೊಟ್ಟ ಕಾಲೇಜನ್ನು ಆ ಸಾಲಿನ ಸೀಟು ಹಂಚಿಕೆಯಿಂದ ಹೊರಗಿಡಬೇಕು. ಮುಂದಿನ ಅಣಕು ಸೀಟು ಹಂಚಿಕೆಗೆ ಮೊದಲೇ ಉನ್ನತ ಶಿಕ್ಷಣ ಇಲಾಖೆ ಈ ಕುರಿತು ಆದೇಶ ಹೊರಡಿಸಲಿ.

– ನಿವೃತ್ತ ಪಿಯು ಗಣಿತ ಉಪನ್ಯಾಸಕ, ಅರಸೀಕೆರೆ