ಕಳಚಲು ಯಂತ್ರವೇ ಇಲ್ಲದವರು

2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಗುಣವಾಗುವ ಭರವಸೆಯಿಲ್ಲದೆ ವೆಂಟಿಲೇಟರಿನಂಥ ಜೀವರಕ್ಷಕ ಚಿಕಿತ್ಸೆಯ ಮೇಲಿರುವ ರೋಗಿಯ ಚಿಕಿತ್ಸೆ ನಿಲ್ಲಿಸಿ, ಘನತೆಯಿಂದ ಸಾಯಲು ಬಿಡಬಹುದು ಎಂಬುದು ಅದರ ತಿರುಳು. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ಸರಳಗೊಳಿಸಿದ್ದನ್ನೇ ಇಲ್ಲಿ ಜಾರಿಗೆ ತಂದರು. ವೈದ್ಯರ ಒಂದು ಮಂಡಳಿ, ಅದನ್ನು ಪರಿಶೀಲಿಸಲು ಇನ್ನೊಂದು, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ. ಒಳ್ಳೆಯ ಕೆಲಸ, ಮೆಚ್ಚಲೇಬೇಕು.

ಆದರೆ ಮೈಗೆ ಯಂತ್ರವೇ ಅಂಟಿಲ್ಲದವರ ಗತಿ?

ಬಾಯಿ ಕ್ಯಾನ್ಸರಿನ ಕೊನೆಯ ಹಂತ ಕಂಡವರಿಗೆ ನಾನು ಹೇಳಬೇಕಾದ್ದೇನಿಲ್ಲ, ಕಾಣದವರಿಗಾಗಿ ಹೇಳುತ್ತೇನೆ. ಆಪರೇಷನ್, ಕೀಮೋ, ಕರೆಂಟು ಕೊಡಿಸಿದ್ದು ಎಲ್ಲ ಮುಗಿದ ಮೇಲೆ 'ಇನ್ನು ಮನೆಗೆ ಕರ್ಕೊಂಡು ಹೋಗಿ' ಎನ್ನುತ್ತಾರೆ. ಕೆನ್ನೆಯ ಹುಣ್ಣು ತೂತಾಗಿ, ಕುಡಿಸಿದ ಗಂಜಿ ಅಲ್ಲಿಂದಲೇ ಸೋರುತ್ತದೆ. ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸಿದರೂ ವಾಸನೆ ಹೋಗದು. ಮೊಮ್ಮಕ್ಕಳು ಬಾಗಿಲಲ್ಲೇ ನಿಲ್ಲುತ್ತವೆ, ಯಾಕೆ ನಿಂತಿವೆ ಎಂಬುದು ಮಲಗಿದವನಿಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಬುದ್ಧಿ ನಿಚ್ಚಳವಾಗಿದೆ. ನಾಲಿಗೆ ಹೋಗಿರುವುದರಿಂದ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾನೆ: 'ಸಾಕು'.

ಆ ಸ್ಲೇಟಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ. ಅವನು ಐಸಿಯುನಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದರೆ ಎರಡು ಮಂಡಳಿಗಳು ಅವನಿಗಾಗಿ ಕೂಡುತ್ತಿದ್ದವು. ಎಚ್ಚರದಿಂದಿದ್ದು, ಸ್ವಂತ ಕೈಯಲ್ಲಿ ಕೇಳಿದ್ದೇ ಅವನ ಅಪರಾಧವಾಯಿತು. ಕರುಣೆಯಿಂದ ಕೈಹಿಡಿಯುವ ವೈದ್ಯರಿಗೆ ಆತ್ಮಹತ್ಯೆಗೆ ಪ್ರಚೋದನೆಯ ಕೇಸು, ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಂ, ಹತ್ತು ವರ್ಷದವರೆಗೆ ಜೈಲು.

ಹೀಗಾಗಲು ಒಂದು ಕಾರಣವಿದೆ. ನಮ್ಮ ದೇಶದ ದಯಾಮರಣದ ಚರ್ಚೆ ಬಿಸಿಯೇರಿದ್ದು ಮಾತಾಡಲಾಗದ ಹೆಣ್ಣುಮಗಳೊಬ್ಬಳಿಂದ. ಹೊನ್ನಾವರದ ಬಳಿಯ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ 1973ರ ನವೆಂಬರಿನಲ್ಲಿ ತಮ್ಮ ಮೇಲೆ ನಡೆದ ಹಲ್ಲೆಯ ನಂತರ ಮತ್ತೆ ಏಳಲಿಲ್ಲ. ಆಕೆಗೆ ದಯಾಮರಣ ಕೋರಿದ್ದ ಪತ್ರಕರ್ತೆ ಪಿಂಕಿ ವಿರಾನಿ ಅವರ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಅದೇ ತೀರ್ಪಿನಲ್ಲಿ ಚಿಕಿತ್ಸೆ ಹಿಂತೆಗೆಯುವ ಬಾಗಿಲನ್ನೂ ತೆರೆಯಿತು. ಅರುಣಾ 2015ರ ಮೇ ತಿಂಗಳಲ್ಲಿ ತೀರಿಕೊಂಡರು. ಅಷ್ಟೂ ವರ್ಷ ಬೆನ್ನಿಗೆ ಒಂದು ಹುಣ್ಣಾಗದಂತೆ ನೋಡಿಕೊಂಡ ಆ ನರ್ಸುಗಳಿಗೆ ನಮೋ ಎನ್ನಬೇಕು. ಆದರೆ ಆಕೆಗೆ ಏನು ಬೇಕಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಕೋರ್ಟುಗಳೂ ಸರ್ಕಾರಗಳೂ ಮೌನವಾಗಿ ಮಲಗಿದವರನ್ನು ಕುರಿತೇ ನಿಯಮ ಬರೆದವು. ಬಾಯಿಬಿಟ್ಟು ಕೇಳುವವರನ್ನು ಮರೆತೇಬಿಟ್ಟವು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕು ಕೋರಿ ಎರಡು ದಶಕಕ್ಕೂ ಹೆಚ್ಚು ಕಾಲ ಮುಖ್ಯಮಂತ್ರಿಗಳಿಗೆ, ಪ್ರಧಾನಿಗಳಿಗೆ, ರಾಷ್ಟ್ರಪತಿಗಳಿಗೆ ಪತ್ರ ಬರೆದರು. ಸುತ್ತೋಲೆ ಬಂದಾಗ ಟಿ.ವಿ.ಗಳಲ್ಲಿ ಅವರ ಹೆಸರು ಮೊಳಗಿತು. ಯಂತ್ರದ ಆಸರೆಯಿಲ್ಲದೆ ಬದುಕಿರುವವರಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

'ನಮ್ಮ ಸಂಸ್ಕೃತಿ ಇದನ್ನು ಒಪ್ಪುವುದಿಲ್ಲ' ಎನ್ನುವವರು ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಲಿ. ಏಳನೆಯ ಶತಮಾನದಿಂದೀಚೆಗೆ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ಕೈಗೊಂಡವರ ಹೆಸರುಗಳನ್ನು ಅಲ್ಲಿ ಬಂಡೆಗೆ ಕೆತ್ತಿದ್ದಾರೆ. ಅದು ವ್ರತ, ಚಿಕಿತ್ಸೆಯಲ್ಲ, ಒಪ್ಪುತ್ತೇನೆ. ಆದರೆ ಕೊನೆಯನ್ನು ತಾವೇ ಎದುರುಗೊಂಡವರನ್ನು ಈ ನಾಡು ಹೇಡಿಗಳೆನ್ನಲಿಲ್ಲ, ಕಲ್ಲು ನಿಲ್ಲಿಸಿತು. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆ ಎಂದಾಗ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಮನೆಮನೆಯಲ್ಲೂ ಅಜ್ಜಿಯರು ಬೇಡುವುದು ಏನನ್ನು? ನರಳಿಸದೆ ಕರ್ಕೊಳ್ಳಪ್ಪ ಅಂತ ತಾನೆ?

ನಿಜವಾದ ಅಂಜಿಕೆ ಸಂಸ್ಕೃತಿಯದಲ್ಲ, ಆಸ್ತಿಯದು. ಹೆಬ್ಬೆಟ್ಟು ಒತ್ತಿಸಿಕೊಂಡು ತಾಯಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬರುವ ಮಕ್ಕಳಿರುವ ಊರಿನಲ್ಲಿ ಈ ಅಂಜಿಕೆಯನ್ನು ಕಂಡು ನಗುವವನು ಮೂರ್ಖ. ಆಸ್ಪತ್ರೆಯ ಬಿಲ್ಲಿಗೆ ಹೊಲ ಮಾರಿದ ಮನೆಯಲ್ಲಿ 'ನಾನೊಬ್ಬ ಹೊರೆ' ಎಂದು ರೋಗಿಗೆ ಅನ್ನಿಸದೇ ಇರುತ್ತದೆಯೇ? ಅದಕ್ಕೇ ಕಾನೂನು ಬಿಗಿಯಾಗಿರಬೇಕು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1997ರಿಂದ, ಸಾಯಲು ವೈದ್ಯರ ನೆರವು ಪಡೆಯುವ ಇಂಥ ಕಾನೂನಿದೆ. ಆರು ತಿಂಗಳಿಗಿಂತ ಹೆಚ್ಚು ಬದುಕಲಾರರು ಎಂದು ಇಬ್ಬರು ವೈದ್ಯರು ಹೇಳಬೇಕು. ರೋಗಿಯೇ ಬಾಯಲ್ಲೂ ಬರಹದಲ್ಲೂ ಕೇಳಬೇಕು. ಔಷಧಿಯನ್ನು ತಾನೇ ತೆಗೆದುಕೊಳ್ಳಬೇಕು, ಮನಸ್ಸೊಪ್ಪದ ವೈದ್ಯರು ದೂರ ನಿಲ್ಲಬಹುದು. ಔಷಧಿ ಬರೆಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಪಾಲು ಅದನ್ನು ಮುಟ್ಟುವುದೇ ಇಲ್ಲ. ಬೇಕಾದಾಗ ದಾರಿಯಿದೆ ಎಂಬ ಧೈರ್ಯದಲ್ಲೇ ಅಷ್ಟು ಮಂದಿ ಉಳಿದ ದಿನಗಳನ್ನು ಕಳೆಯುತ್ತಾರೆ ಎಂದು ನಾನು ನಂಬುತ್ತೇನೆ.

ನಮ್ಮಲ್ಲಿ ಇನ್ನೂ ಬಿಗಿ ಬೇಕು. ಅರ್ಜಿ ಹಾಕುವ ಹಕ್ಕು ರೋಗಿಗೆ ಮಾತ್ರ, ಮಗನಿಗೂ ಇಲ್ಲ, ಸೊಸೆಗೂ ಇಲ್ಲ. ವಾರಸುದಾರರು ಸಾಕ್ಷಿಯಾಗಕೂಡದು. ಮುಪ್ಪು, ಅಂಗವೈಕಲ್ಯ, ಮನೋರೋಗ ಇವು ಕಾರಣವಾಗಲೇಕೂಡದು. ಕೆನಡಾ 2021ರಲ್ಲಿ ಸಾವು ಹತ್ತಿರವಿಲ್ಲದವರಿಗೂ ಬಾಗಿಲು ತೆರೆಯಿತು, ಆ ದಾರಿ ನಮಗೆ ಬೇಡ. ಎಲ್ಲಕ್ಕಿಂತ ಮೊದಲು ನೋವಿಗೆ ಮದ್ದು. ಮಾರ್ಫಿನ್ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆ ತಿದ್ದಿದರು. ಆ ಮಾತ್ರೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗಲಿ, ಬೆಂಗಳೂರಿನ ಕರುಣಾಶ್ರಯದಂಥ ಉಚಿತ ಆರೈಕೆಯ ಮನೆ ಪ್ರತಿ ಜಿಲ್ಲೆಯಲ್ಲೂ ಏಳಲಿ. ಮದ್ದು ಸಿಗದೆ ಯಾರೂ 'ಸಾಕು' ಎಂದು ಬರೆಯುವಂತಾಗಬಾರದು. ಮದ್ದು, ಆರೈಕೆ, ಪ್ರೀತಿ ಎಲ್ಲ ಸಿಕ್ಕ ಮೇಲೂ ಒಬ್ಬ 'ಸಾಕು' ಎಂದರೆ, ಇಲ್ಲ, ಇನ್ನೂ ನರಳು ಎನ್ನಲು ನಾವು ಯಾರು?

ವೈದ್ಯರೇ, ಡ್ಯೂಟಿ ರೂಮಿನಲ್ಲಿ ನಿಮ್ಮನಿಮ್ಮೊಳಗೆ ಆಡಿಕೊಳ್ಳುವುದನ್ನು ನಿಮ್ಮ ಸಂಘದ ವೇದಿಕೆಯಲ್ಲೂ ಆಡಿ. ಶಾಸಕರೇ, ಸುತ್ತೋಲೆ ತಂದ ರಾಜ್ಯ ವಿಧಾನಸಭೆಯಲ್ಲಿ ಒಂದು ನಿರ್ಣಯವನ್ನೂ ತಂದು ದೆಹಲಿಗೆ ಕಳಿಸಬಲ್ಲದು. ಓದುಗರೇ, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ನೋಟರಿಯ ಬಳಿ ಕೊನೆಗಾಲದ ಚಿಕಿತ್ಸೆಯ ಬಗ್ಗೆ ನಿಮ್ಮ ಮುಂಗಡ ಇಚ್ಛಾಪತ್ರ ಮಾಡಿಸಿಡಿ, ಅಷ್ಟಕ್ಕಂತೂ ಇವತ್ತೇ ಕಾನೂನಿನ ಬಲವಿದೆ. ಮಿಕ್ಕದ್ದನ್ನು ಸಂಸತ್ತೇ ಕೊಡಬೇಕು. ರಾಜ್ಯದಿಂದ ಲೋಕಸಭೆಗೆ 28 ಮಂದಿ ಹೋಗಿದ್ದಾರೆ. ನಿಮ್ಮವರು ಮದುವೆಗೋ ಗೃಹಪ್ರವೇಶಕ್ಕೋ ಊರಿಗೆ ಬಂದಾಗ ಎಲ್ಲರೆದುರೇ ಕೇಳಿ, 'ಇದಕ್ಕೊಂದು ಮಸೂದೆ ಮಂಡಿಸುತ್ತೀರಾ?' ಎಂದು. 'ನೋಡೋಣ' ಎಂದರೆ, ಯಾವ ಅಧಿವೇಶನದಲ್ಲಿ ಎಂದು ಕೇಳಿ.