ಅರ್ಜಿ ಕೇಳುತ್ತಿದ್ದ ಮೇಲ್ಮನೆ

1646ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಜಾನ್ ಲಿಲ್ಬರ್ನ್ ಎಂಬ ಮಹಾ ಹಠವಾದಿಗೆ ನ್ಯಾಯ ಕೊಟ್ಟಿತು. ಎಂಟು ವರ್ಷ ಹಿಂದೆ, ನಿಷಿದ್ಧ ಪುಸ್ತಕಗಳನ್ನು ತರಿಸಿ ಹಂಚಿದನೆಂದು ಸ್ಟಾರ್ ಚೇಂಬರ್ ಎಂಬ ನ್ಯಾಯಾಲಯ ಅವನನ್ನು ಗಾಡಿಯ ಹಿಂಬದಿಗೆ ಕಟ್ಟಿಸಿ, ಫ್ಲೀಟ್ ಸೆರೆಮನೆಯಿಂದ ವೆಸ್ಟ್‌ಮಿನ್‌ಸ್ಟರ್‌ವರೆಗೆ ದಾರಿಯುದ್ದಕ್ಕೂ ಚಾಟಿಯಿಂದ ಹೊಡೆಸಿತ್ತು. ಆ ಶಿಕ್ಷೆಯೇ ಅಕ್ರಮ ಎಂದು ಲಾರ್ಡ್‌ಗಳು ಈಗ ರದ್ದು ಮಾಡಿದರು, 2,000 ಪೌಂಡ್ ಪರಿಹಾರಕ್ಕೂ ಮುಂದಾದರು. ಅವನ ಪರ ವಾದಿಸಿದವರು ಜಾನ್ ಬ್ರಾಡ್‌ಶಾ ಮತ್ತು ಜಾನ್ ಕುಕ್. ಮೂರು ವರ್ಷಗಳ ನಂತರ ದೊರೆ ಒಂದನೇ ಚಾರ್ಲ್ಸ್‌ನ ವಿಚಾರಣೆ ನಡೆದಾಗ ಅಧ್ಯಕ್ಷತೆ ವಹಿಸಿದವನು ಬ್ರಾಡ್‌ಶಾ, ಅಭಿಯೋಜಕನಾಗಿ ನಿಂತವನು ಕುಕ್.

ಅದೇ ವರ್ಷದ ಜುಲೈನಲ್ಲಿ ಅದೇ ಮೇಲ್ಮನೆ ಅದೇ ಲಿಲ್ಬರ್ನ್‌ಗೆ 2,000 ಪೌಂಡ್ ದಂಡ, ಏಳು ವರ್ಷ ಸೆರೆವಾಸ ವಿಧಿಸಿತು. ಆ ಮನೆಯ ಸದಸ್ಯನೇ ಆದ ಮ್ಯಾಂಚೆಸ್ಟರ್‌ನ ಅರ್ಲ್‌ನನ್ನು ನಿಂದಿಸಿ ಬರೆದದ್ದು ಮೂಲ ತಪ್ಪು. ಸಭೆಯ ಮುಂದೆ ಮಂಡಿಯೂರಲು ಒಪ್ಪದೆ, ಆರೋಪ ಓದುವಾಗ ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಂತದ್ದು ಅದಕ್ಕೆ ಸೇರಿದ ತಪ್ಪು. ಸಾಮಾನ್ಯನನ್ನು ವಿಚಾರಿಸುವ ಹಕ್ಕು ಅವನ ಸಮಾನರಿಗೆ ಮಾತ್ರ, ಲಾರ್ಡ್‌ಗಳು ನನ್ನ ಸಮಾನರಲ್ಲ ಎಂಬುದು ಅವನ ವಾದ. ಫೆಬ್ರವರಿಯಲ್ಲಿ ಈ ಆಕ್ಷೇಪ ಅವನಿಗೆ ನೆನಪಾಗಲಿಲ್ಲವೇ ಎಂದು ಯಾರಾದರೂ ಕೊಂಕು ತೆಗೆಯಬಹುದು. ಆದರೆ ಹಳೆಯ ಅನ್ಯಾಯವನ್ನು ಸರಿಪಡಿಸುವುದು ಬೇರೆ, ಹೊಸ ಶಿಕ್ಷೆ ಹೊರಿಸುವುದು ಬೇರೆ.

ಹದಿನೇಳನೇ ಶತಮಾನದ ಆ ಮೇಲ್ಮನೆಯ ಬಗ್ಗೆ ಎರಡು ಬಗೆಯ ಮಾತುಗಳಿವೆ. ಒಂದು, ಅದು ದಿಕ್ಕಿಲ್ಲದವರಿಗೆ ಉಳಿದಿದ್ದ ಕೊನೆಯ ಬಾಗಿಲು. ಇನ್ನೊಂದು, ಅದು ದೊಡ್ಡವರು ತಮ್ಮ ದೊಡ್ಡಸ್ತಿಕೆ ಕಾಯಲು ಕಟ್ಟಿಕೊಂಡ ಕೋಟೆ. 1649ರ ಮಾರ್ಚ್‌ನಲ್ಲಿ ಕೆಳಮನೆಯಾದ ಕಾಮನ್ಸ್ ಸಭೆ ಅದನ್ನು ನಿರುಪಯುಕ್ತ, ಅಪಾಯಕಾರಿ ಎಂದು ಕರೆದು ರದ್ದೇ ಮಾಡಿತು. 1660ರಲ್ಲಿ ಅದು ಮರಳಿ ಬಂತು. ತೂಗಿ ನೋಡಬೇಕಾದರೆ ಮಹಾಭಾಷಣಗಳನ್ನು ಬದಿಗಿಟ್ಟು ಅದರ ನಿತ್ಯದ ಕೆಲಸವನ್ನೇ ನೋಡಬೇಕು.

ಬೆಳಗಿನ ಪ್ರಾರ್ಥನೆಯ ನಂತರ ಕಲಾಪ ಶುರು. ಉಣ್ಣೆ ತುಂಬಿದ ಆಸನದ ಮೇಲೆ ಲಾರ್ಡ್ ಚಾನ್ಸಲರ್, ನಡುವೆ ಮತದ ಹಕ್ಕಿಲ್ಲದೆ ಸಲಹೆಗಾಗಿ ಕುಳಿತ ನ್ಯಾಯಾಧೀಶರು, ಹಾಜರಾದವರ ಹೆಸರನ್ನು ದಿನವೂ ದಾಖಲಿಸುವ ಗುಮಾಸ್ತ. ಮಸೂದೆಗಳಿಗೆ ಮೂರು ವಾಚನ. ಮತ ಹಾಕುವಾಗ ಅತಿ ಕಿರಿಯ ಬ್ಯಾರನ್‌ನಿಂದ ಆರಂಭ, ಹಿರಿಯರ ಮಾತು ಕೇಳಿ ಕಿರಿಯರು ಬಾಗದಿರಲಿ ಎಂದಿರಬಹುದು. ಬಾರದವರು ಇನ್ನೊಬ್ಬರ ಕೈಗೆ ತಮ್ಮ ಮತ ಒಪ್ಪಿಸಬಹುದಿತ್ತು. ಬಕಿಂಗ್‌ಹ್ಯಾಮ್‌ನ ಡ್ಯೂಕ್ ಹೀಗೆ ಹತ್ತಕ್ಕೂ ಹೆಚ್ಚು ಮತಗಳನ್ನು ಜೇಬಿಗೆ ಹಾಕಿಕೊಂಡಿದ್ದನ್ನು ಕಂಡು, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬೇಡ ಎಂದು 1626ರಲ್ಲಿ ಸಭೆಯೇ ಕಟ್ಟಳೆ ಮಾಡಿತು. ಸೋತವರು ತಮ್ಮ ಭಿನ್ನಮತವನ್ನು ದಾಖಲೆಗೆ ಸೇರಿಸಬಹುದಿತ್ತು. ಮತ ಎಣಿಕೆ ಮಾತ್ರ ಯಾವಾಗಲೂ ಅಷ್ಟು ಕಟ್ಟುನಿಟ್ಟಲ್ಲ. ಅಕ್ರಮ ಬಂಧನ ತಡೆಯುವ 1679ರ ಹೇಬಿಯಸ್ ಕಾರ್ಪಸ್ ಮಸೂದೆಯ ದಿನ ಲಾರ್ಡ್ ಗ್ರೇ ಒಬ್ಬ ದಢೂತಿ ಲಾರ್ಡ್‌ನನ್ನು ತಮಾಷೆಗೆ ಹತ್ತು ಎಂದು ಎಣಿಸಿದ, ಜೊತೆಗೆ ಎಣಿಸುತ್ತಿದ್ದವನ ಗಮನ ಎಲ್ಲೋ ಇತ್ತು, ಲೆಕ್ಕ ಹಾಗೆಯೇ ಉಳಿಯಿತು ಎಂದು ಬಿಷಪ್ ಬರ್ನೆಟ್ ಬರೆದಿಟ್ಟಿದ್ದಾನೆ. ಕಥೆಯನ್ನು ಪೂರ್ತಿ ನಂಬಬೇಕಿಲ್ಲ. ಆದರೆ ಆ ದಿನದ ದಾಖಲೆಯಲ್ಲಿ ಹಾಜರಾದವರಿಗಿಂತ ಚಲಾಯಿಸಿದ ಮತಗಳೇ ಹೆಚ್ಚು.

ಈ ದಿನಚರಿಯಲ್ಲಿ ನಿಜವಾಗಿ ಹೊತ್ತು ತಿನ್ನುತ್ತಿದ್ದದ್ದು ಅರ್ಜಿಗಳು. 1621ರಲ್ಲಿ ಲಾರ್ಡ್ ಚಾನ್ಸಲರ್ ಫ್ರಾನ್ಸಿಸ್ ಬೇಕನ್‌ನನ್ನೇ ಲಂಚದ ಆರೋಪದ ಮೇಲೆ ವಿಚಾರಿಸಿ, 40,000 ಪೌಂಡ್ ದಂಡ ಹಾಕಿ, ಹುದ್ದೆಯಿಂದ ಇಳಿಸಿದ ಮೇಲೆ ಮೇಲ್ಮನೆಗೆ ನ್ಯಾಯಸ್ಥಾನದ ಹಳೆಯ ಹುಮ್ಮಸ್ಸು ಮರಳಿತು. ಅರ್ಜಿಗಳನ್ನು ಪರಿಶೀಲಿಸಲು ಸಮಿತಿಯಾಯಿತು. ಚಾನ್ಸರಿ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆದವರು, ಸಾಲ ವಸೂಲಾಗದವರು, ಕಾರಣ ಹೇಳದೆ ಸೆರೆಗೆ ತಳ್ಳಲ್ಪಟ್ಟವರು, ವಿಧವೆಯರು ಕಾಗದ ಹಿಡಿದು ಬಂದರು. 1640ರ ನಂತರ ಅದು ಪ್ರವಾಹವೇ ಆಯಿತು. ಹುಟ್ಟಿನಿಂದ ಪೀಠ ಪಡೆದವರ ಮನೆ ಇದು, ನಿಜ. ಆದರೆ ಮತದಾರರಿಂದ ಆರಿಸಿ ಬಂದ ಕೆಳಮನೆ ಸಾಕ್ಷಿಗಳಿಗೆ ಪ್ರಮಾಣ ಬೋಧಿಸುವಂತಿರಲಿಲ್ಲ. ಮೇಲ್ಮನೆಗೆ ಆ ಅಧಿಕಾರವಿತ್ತು.

ತಕ್ಕಡಿಯ ಇನ್ನೊಂದು ತಟ್ಟೆಯೂ ಭಾರವೇ. ಪಾರ್ಲಿಮೆಂಟ್ ನಡೆಯುವಾಗ ಸಾಲಕ್ಕಾಗಿ ಲಾರ್ಡ್‌ನನ್ನು ಬಂಧಿಸುವಂತಿರಲಿಲ್ಲ, ಅವನ ಸೇವಕರನ್ನೂ ಬಂಧಿಸುವಂತಿರಲಿಲ್ಲ. ಸೇವಕನೆಂದು ಬರೆದುಕೊಟ್ಟ ರಕ್ಷಣಾಪತ್ರ ಸೇವಕನಲ್ಲದವನ ಕೈಗೂ ಸೇರುತ್ತಿತ್ತು. ಸಾಲ ಕೊಟ್ಟ ಅಂಗಡಿಯವನ ಗತಿ ಏನು? ಪದವಿಯೂ ಮಾರಾಟಕ್ಕಿತ್ತು. ಒಂದನೇ ಜೇಮ್ಸ್‌ನ ಕಾಲದಲ್ಲಿ ಬ್ಯಾರನ್ ಪದವಿಗೆ 10,000 ಪೌಂಡ್ ತೆತ್ತದ್ದುಂಟು. 1603ರಲ್ಲಿ ಸುಮಾರು 55 ಇದ್ದ ಲೌಕಿಕ (ಬಿಷಪ್‌ರಲ್ಲದ) ಲಾರ್ಡ್‌ಗಳು 1628ರ ಹೊತ್ತಿಗೆ ಅದರ ಎರಡು ಪಟ್ಟನ್ನೂ ಮೀರಿದ್ದರು.

ನನಗೆ ಕಾಣುವುದಿಷ್ಟು. ವಾದಿ ಪ್ರತಿವಾದಿ ಇಬ್ಬರೂ ಹೊರಗಿನವರಾದಾಗ ಈ ಸಭೆ ಹಲವು ಸಲ ಒಳ್ಳೆಯ ನ್ಯಾಯಸ್ಥಾನ. ತನ್ನವನೊಬ್ಬನ ಮಾನ ಅಥವಾ ಹಣ ಪಣಕ್ಕೆ ಬಿದ್ದಾಗ ಅದು ನ್ಯಾಯಸ್ಥಾನವೇ ಅಲ್ಲ. ಲಿಲ್ಬರ್ನ್‌ನ ಫೆಬ್ರವರಿಗೂ ಜುಲೈಗೂ ಇರುವ ಅಂತರ ಅದೇ. ಆದರೆ ಈ ಅಳತೆಗೋಲಿಗೂ ಸಿಗದ ಒಂದು ಮೊಕದ್ದಮೆ ಇದೆ, ಅದರ ಒಂದು ಕೊನೆ ನಮ್ಮ ಕಡಲಿಗೂ ತಾಗುತ್ತದೆ.

ಥಾಮಸ್ ಸ್ಕಿನ್ನರ್ ಎಂಬ ವ್ಯಾಪಾರಿ 1650ರ ದಶಕದ ಕೊನೆಯಲ್ಲಿ ಪೂರ್ವದೇಶಗಳಿಗೆ ಹೋದ. ಸುಮಾತ್ರಾದ ಬಳಿ ಬರೆಲ್ಲಾ ಎಂಬ ದ್ವೀಪವನ್ನು ಜಂಬಿಯ ಅರಸನಿಂದ ಕೊಂಡ. ಸೂರತ್, ಮದ್ರಾಸುಗಳಲ್ಲಿ ಆಗಲೇ ಕೋಠಿ ಹಾಕಿದ್ದ ಈಸ್ಟ್ ಇಂಡಿಯಾ ಕಂಪನಿಗೆ ಇಂಥ ಒಂಟಿ ವ್ಯಾಪಾರಿಗಳು ಕಣ್ಣಿನ ಕಸ. ಅದರ ಏಜೆಂಟರು ಅವನ ಹಡಗು, ಸರಕು, ಮನೆ, ದ್ವೀಪ ಎಲ್ಲವನ್ನೂ ಕಿತ್ತುಕೊಂಡರು. ಸ್ಕಿನ್ನರ್ ಎರಡನೇ ಚಾರ್ಲ್ಸ್‌ಗೆ ಮೊರೆಯಿಟ್ಟ. ರಾಜಿ ಯತ್ನ ಮುರಿದು, ದೊರೆ ವಿಷಯವನ್ನು ಲಾರ್ಡ್‌ಗಳಿಗೆ ದಾಟಿಸಿದ. ಹಡಗು, ಸರಕುಗಳಿಗೆ ಸಾಮಾನ್ಯ ಕೋರ್ಟಿನಲ್ಲಿ ಪರಿಹಾರವುಂಟು, ಕಡಲಾಚೆಯ ಮನೆ ಮತ್ತು ದ್ವೀಪಕ್ಕೆ ಇಲ್ಲ ಎಂದು ನ್ಯಾಯಾಧೀಶರು ಅಭಿಪ್ರಾಯ ಕೊಟ್ಟರು. 1668ರಲ್ಲಿ ಲಾರ್ಡ್‌ಗಳು ಕಂಪನಿಯಿಂದ 5,000 ಪೌಂಡ್ ಕೊಡಿಸುವ ತೀರ್ಪಿತ್ತರು.

ಕಂಪನಿ ಕೆಳಮನೆಗೆ ದೂರು ಒಯ್ದಿತು. ಕೆಳಕೋರ್ಟು ನೋಡದ ವ್ಯಾಜ್ಯವನ್ನು ನೇರವಾಗಿ ತಾವೇ ವಿಚಾರಿಸಿ, ಜ್ಯೂರಿ ಇಲ್ಲದೆ ಪ್ರಜೆಯ ಹಣ ಕೀಳಲು ಲಾರ್ಡ್‌ಗಳಿಗೆ ಹಕ್ಕಿಲ್ಲ ಎಂದು ಕಾಮನ್ಸ್ ಹಟ ಹಿಡಿಯಿತು. ಲಾರ್ಡ್‌ಗಳು ಕಂಪನಿಯ ಉಪ ಗವರ್ನರ್ ಸರ್ ಸ್ಯಾಮ್ಯುಯೆಲ್ ಬರ್ನಾರ್ಡಿಸ್ಟನ್‌ಗೆ 300 ಪೌಂಡ್ ದಂಡ ಹಾಕಿ ಬಂಧನದಲ್ಲಿಟ್ಟರು. ಜಗಳ ಎಳೆದಾಡಿತು. 1670ರಲ್ಲಿ ದೊರೆ ಎರಡೂ ಮನೆಗಳಿಗೆ ಹೇಳಿ, ಮೊಕದ್ದಮೆಯ ದಾಖಲೆಯನ್ನೇ ಅಳಿಸಿಹಾಕಿಸಿದ. ಸ್ಕಿನ್ನರ್‌ಗೆ ಹಣ ದಕ್ಕಲಿಲ್ಲ.

ಇಲ್ಲಿ ಯಾರ ಪಕ್ಷ ಹಿಡಿಯುವುದು? ಕಾಮನ್ಸ್ ಹೇಳಿದ್ದು ನ್ಯಾಯಶಾಸ್ತ್ರದ ದೃಷ್ಟಿಯಿಂದ ಸರಿ. ಮೊದಲ ವಿಚಾರಣೆಯೇ ಕೊನೆಯದೂ ಆದರೆ ತಪ್ಪು ತಿದ್ದುವವರಾರು? ಆದರೆ ಆ ಸರಿಯಾದ ಮಾತಿನ ಲಾಭ ಪಡೆದದ್ದು ಒಂದು ಬಲಿಷ್ಠ ಕಂಪನಿ, ಕಳೆದುಕೊಂಡದ್ದು ತನ್ನ ಮನೆ, ದ್ವೀಪಕ್ಕಾಗಿ ಬೇರೆ ಕೋರ್ಟೇ ಇಲ್ಲದ ಒಬ್ಬ ಮನುಷ್ಯ. ಲಾರ್ಡ್‌ಗಳಿಗೆ ಸ್ಕಿನ್ನರ್‌ನ ಮೇಲಿನ ಕರುಣೆಗಿಂತ ತಮ್ಮ ಅಧಿಕಾರದ ಮೋಹ ದೊಡ್ಡದಿದ್ದಿರಬಹುದು. ಆದರೂ ನ್ಯಾಯಾಧೀಶರ ಅಭಿಪ್ರಾಯವನ್ನು ಎದುರಿಗಿಟ್ಟುಕೊಂಡು ಅವರು ತೀರ್ಪಿತ್ತರು ಎಂಬುದನ್ನು ಮರೆಯುವಂತಿಲ್ಲ.

ಆ ನಂತರ ಲಾರ್ಡ್‌ಗಳು ಸಿವಿಲ್ ವ್ಯಾಜ್ಯಗಳನ್ನು ನೇರವಾಗಿ ಕೈಗೆತ್ತಿಕೊಳ್ಳುವುದನ್ನು ಬಿಟ್ಟರು. 1675ರಲ್ಲಿ ವೈದ್ಯ ಶರ್ಲಿ ಕಾಮನ್ಸ್ ಸದಸ್ಯ ಸರ್ ಜಾನ್ ಫ್ಯಾಗ್‌ನ ವಿರುದ್ಧ ಮೇಲ್ಮನವಿ ತಂದಾಗ ಎರಡೂ ಮನೆಗಳು ಮತ್ತೆ ಕೈಕೈ ಮಿಲಾಯಿಸುವಷ್ಟು ಜಗಳವಾಡಿದವು, ಮೇಲ್ಮನವಿ ಕೇಳುವ ಹಕ್ಕು ಮಾತ್ರ ಮೇಲ್ಮನೆಯಲ್ಲೇ ಉಳಿಯಿತು. 2009ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಆರಂಭವಾಗುವವರೆಗೂ ಅಲ್ಲಿನ ಕೊನೆಯ ಮೇಲ್ಮನವಿ ಅದೇ ಮನೆಗೆ ಹೋಗುತ್ತಿತ್ತು, ಮೊದಲು ಕೆಳಕೋರ್ಟುಗಳ ಮೆಟ್ಟಿಲು ಹತ್ತಿ ಬರಲು ಶಕ್ತಿಯಿದ್ದವರ ಪಾಲಿಗೆ.