ಬಂಟ್ವಾಳದ ವಸ್ತುಸಂಗ್ರಹಾಲಯ

ನವರಾತ್ರಿಯಲ್ಲಿ ಕೋರಾಡಿಯ ಮಹಾಲಕ್ಷ್ಮೀ ಜಗದಂಬೆಯ ಗುಡಿಯೆದುರು ನಮ್ಮ ಹೋಟೆಲು ನೌಕರರೂ ಗುಮಾಸ್ತ ಬಂಧುಗಳೂ ಸಾಲುಗಟ್ಟಿ ನಿಲ್ಲುತ್ತಾರೆ. ದೇವಿಗೆ ಕೈಮುಗಿಯುವ ನಾವು ನಮ್ಮ ಸೀಮೆಯ ಸ್ತ್ರೀಯರನ್ನು ಎಷ್ಟುಮಟ್ಟಿಗೆ ನೆನೆದಿದ್ದೇವೆ?

ನಮ್ಮಲ್ಲನೇಕರ ತೌರಾದ ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಶ್ರೀ ತುಕಾರಾಮ ಪೂಜಾರಿಯವರು ರಾಣಿ ಅಬ್ಬಕ್ಕನ ಹೆಸರಿನ ತುಳು ಅಧ್ಯಯನ ಕೇಂದ್ರವನ್ನೂ ವಸ್ತುಸಂಗ್ರಹಾಲಯವನ್ನೂ ಕಟ್ಟಿದ್ದಾರೆ. ಪೋರ್ಚುಗೀಸರನ್ನೆದುರಿಸಿದ ಅಬ್ಬಕ್ಕನ ಚಿತ್ರಶಾಲೆ ಅಲ್ಲಿದೆ. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ಕಂಡಾಗ, ಆಕೆ ಬರಿಗಾಲಿನಲ್ಲಿ ಕಾಲುವೆಯ ಕೆಲಸ ನೋಡಲು ಹೊರಟಿದ್ದಳಂತೆ. ಗಲ್ಲಾಪೆಟ್ಟಿಗೆ ಬಿಟ್ಟೇಳದ ನಮ್ಮಂಥ ಮಾಲಿಕರು ಇದನ್ನು ಗಮನಿಸಬೇಕು.

ಅಲ್ಲಿಯೇ, ಹೆಸರುಳಿಯದ ಹೆಂಗಸರು ಬಳಸಿದ ಅಡಿಗೆಯ ಪಾತ್ರೆ, ಬೇಸಾಯದ ಸಲಕರಣೆಗಳೂ ಜೋಪಾನವಾಗಿವೆ. ನಮಗೆ ಇದೇ ದೊಡ್ಡದೆನಿಸುತ್ತದೆ. ನಮ್ಮ ಉದ್ಯಮದ ಮೂಲವೇ ಆ ಅಡಿಗೆಮನೆ. ಹಿಟ್ಟಿನ ಹದ, ಸಾಂಬಾರಿನ ರುಚಿ ಕಲಿಸಿದವರು ತಾಯಂದಿರು; ಬೋರ್ಡಿನ ಮೇಲಿರುವುದು ನಮ್ಮ ಹೆಸರು. ಮನೆ ಪಾಲಾದಾಗ ತಾಯಿಯವರ ತಾಮ್ರದ ಹಂಡೆಯನ್ನು ನಾವೇ ಗುಜರಿಯವನಿಗೆ ತೂಗಿಕೊಟ್ಟೆವು. ಬಂದ ಹಣ ನಾಗಪುರದ ರೈಲು ಟಿಕೇಟಿಗೂ ಸಾಲಲಿಲ್ಲ.

ರಜೆಯಲ್ಲಿ ಊರಿಗೆ ಹೋಗುವ ವಾಚಕರು ಬಂಟ್ವಾಳಕ್ಕೆ ಒಂದು ದಿನ ಮೀಸಲಿಡಲಿ, ನಾಗಪುರದಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನೂ ಕರೆದೊಯ್ಯಲಿ. ಅಟ್ಟದ ಮೇಲಿನ ಹಳೆಯ ಸಾಮಾನನ್ನು ಮಾರುವುದಕ್ಕೆ ಮುಂಚೆ, ಅದನ್ನು ಯಾವ ಅಜ್ಜಿ ಬಳಸುತ್ತಿದ್ದರೆಂದು ಹಿರಿಯರನ್ನು ಕೇಳಿ, ಚೀಟಿಯಲ್ಲಿ ಬರೆದಿಟ್ಟು, ಸಂಗ್ರಹಾಲಯದವರನ್ನೊಮ್ಮೆ ವಿಚಾರಿಸಲಿ.